ನ್ಯೂಜಿಲೆಂಡಿಗೆ ಹತ್ತಾಣೆ ಕೊಟ್ಟ ಮೌಲಾಸಾಬರು

ಭೂತನಾಳ ಕೆರೆಯ ಬಯಲಿನಲ್ಲಿ ನಡೆದ ಆ ರಗ್ಬಿ ಪಂದ್ಯದ ದಂಡವನ್ನು ತೆತ್ತವರು ದುರಗಪ್ಪನವರೊಬ್ಬರೇ. ಪಂದ್ಯವನ್ನು ಏರ್ಪಡಿಸಿದ ಗೌಡರಿಗೆ ಏನೂ ಆಗಲಿಲ್ಲ. ಅದನ್ನು ರದ್ದು ಮಾಡಿದ ಹಿರಿಯರಿಗೆ ಏನೂ ಆಗಲಿಲ್ಲ. ದಂಡೆಯ ಮೇಲೆ ಕುಳಿತು ನಕ್ಕ ನಾಲ್ಕೂರಿನ ಜನಕ್ಕೂ ಏನೂ ಆಗಲಿಲ್ಲ. ಸೀಟಿ ಊದಿದ ಮೌಲಾಸಾಬರಿಗೆ ಸೊಂಟ ಉಳುಕಿತು, ಎಂಟು ದಿನಕ್ಕೆ ಸರಿಹೋಯಿತು. ಟಿಕೋಟಾದಲ್ಲಿ ತೊಗಲು ಹೊಲಿದು ಬದುಕುತ್ತಿದ್ದ ದುರಗಪ್ಪನವರಿಗೆ ಮಾತ್ರ ಆ ವರ್ಷ ಊರಿನ ಕೆಲಸವೆಲ್ಲ ತಪ್ಪಿಹೋಯಿತು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬರೆಯಹೊರಟಿರುವುದು ಮೌಲಾಸಾಬರನ್ನು ಕುರಿತು. ಅವರನ್ನು ಕುರಿತು ಬರೆಯಲು ಕುಳಿತರೆ ಯಾರಿಗಾದರೂ ನಗು ಬರುತ್ತದೆ. ನಗುವಿನ ಭರದಲ್ಲಿ ಅನ್ಯಾಯವೊಂದು ಮರೆತುಹೋಗಬಾರದು.

ಮೌಲಾಸಾಬರನ್ನು ನೆನೆದೊಡನೆ ನನ್ನ ಕಣ್ಣೆದುರು ಬರುವುದು ಅವರ ಬಲ ಮುಂಗೈಯ ಮೇಲೆ ಸದಾ ಇಳಿಬಿದ್ದಿರುತ್ತಿದ್ದ ಒಂದು ವಲ್ಲಿ, ಹೆಗಲಿನ ಬಟ್ಟೆ. ಹಳದಿ ಅಂಚು, ನಡುವೆ ಬೆವರಿನ ಮಾಸಲು. ಅವರು ದನದ ದಲಾಲಿ. ನಮ್ಮ ಕಡೆಯ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ದಲಾಲಿಯು ವಲ್ಲಿಯನ್ನು ಹಾಸುತ್ತಾನೆ, ಅದರ ಕೆಳಗೆ ಇಬ್ಬರೂ ಕೈ ಹಿಡಿದುಕೊಳ್ಳುತ್ತಾರೆ, ಬೆರಳು ಒತ್ತಿ ಬೆಲೆ ಹೇಳುತ್ತಾರೆ. ವಲ್ಲಿಯ ಮೇಲೆ ಮಳೆಯ ಮಾತು, ಮಗಳ ಮದುವೆಯ ಮಾತು, ಕೆಳಗೆ ವ್ಯಾಪಾರ. ಮೂವತ್ತು ವರ್ಷ ಹೀಗೆ ಬದುಕಿದ ಮೌಲಾಸಾಬರಿಗೆ ಯಾವುದೇ ಮಹತ್ವದ ಮಾತನ್ನು ಬಾಯಿಂದ ಹೇಳುವುದೆಂದರೆ ಅಸಭ್ಯವೆನಿಸುತ್ತಿತ್ತು. ಚಹಾ ಎಷ್ಟು ಬೇಕೆಂಬುದನ್ನೂ ಅವರು ಅಂಗಡಿಯ ಸಂಗಪ್ಪನಿಗೆ ವಲ್ಲಿಯ ಕೆಳಗೇ ಹೇಳುತ್ತಿದ್ದರು.

ಅವರು ಸತ್ಯವಂತರಾಗಿದ್ದರೆಂದು ನಾನು ಹೇಳಲಾರೆ. ದಲಾಲಿಯ ವೃತ್ತಿಯಲ್ಲಿರುವ ಮೋಸಗಳನ್ನು ಅವರು ಬಲ್ಲರು, ಬಳಸುತ್ತಿದ್ದರು. ಹೋರಿಯ ಬೆನ್ನ ಮೇಲೆ ಇಲ್ಲದ ಕೆಟ್ಟ ಸುಳಿಯೊಂದನ್ನು ತೋರಿಸಿ ಬಡ ರೈತನ ಬೆಲೆ ಇಳಿಸುವುದು ಅನ್ಯಾಯವೆಂದು ನಾನು ಅವರ ಮುಖಕ್ಕೇ ಹೇಳಿದ್ದೇನೆ. ಒಮ್ಮೆ ಅವರು ಬಿಜ್ಜರಗಿಯ ರೈತನೊಬ್ಬನಿಗೆ ಕೊಡಿಸಿದ ಎತ್ತು ಪ್ರತಿ ಕೂಡುದಾರಿಯಲ್ಲಿಯೂ ಮಲಗಿಬಿಡುತ್ತಿತ್ತು. ಆತ ಮರುವಾರ ಸಂತೆಗೆ ಬಂದು ಕೂಗಾಡಿದ.

"ಸಾಬ್ರ, ಇದು ಕುಂದರತೈತಿ ಅಂತ ನೀವು ಹೇಳಲೇ ಇಲ್ಲಲ್ರಿ!"

"ಯಪ್ಪಾ, ನೀ ಬಂದಾಗ ಎತ್ತು ನಿಂತಿತ್ತೋ, ಕುಂತಿತ್ತೋ?"

"ನಿಂತಿತ್ತು."

"ನೀ ನಿಂತ ಎತ್ತಿನ ಬೆಲಿ ಕೇಳಿದಿ, ನಾ ನಿಂತ ಎತ್ತಿನ ಬೆಲಿ ಹೇಳೀನಿ. ಕುಂತ ಎತ್ತಿನ ಬೆಲಿ ಬ್ಯಾರೆನ ಇರತೈತಿ."

ನಕ್ಕವರಲ್ಲಿ ಆ ರೈತನೂ ಇದ್ದ. ಆದರೆ ನಕ್ಕ ಮಾತ್ರಕ್ಕೆ ಎತ್ತು ಏಳುವುದಿಲ್ಲ. ನಾನು ಬಿಡಲಿಲ್ಲ, ಮೌಲಾಸಾಬರು ಗೊಣಗುತ್ತಲೇ ಬೇರೊಂದು ಎತ್ತು ಕೊಡಿಸಿದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಸೈನ್ಯಕ್ಕೆ ಸೇರಿದ್ದರು. ದನ ಬಲ್ಲವರೆಂದು ಸೈನ್ಯ ಅವರ ಕೈಗೆ ಹೇಸರಗತ್ತೆಗಳನ್ನು ಕೊಟ್ಟು ಈಜಿಪ್ಟಿಗೆ ಕಳುಹಿಸಿತು. ನಮ್ಮ ದೇಶವನ್ನು ಒಂದು ಮಾತು ಕೇಳದೆ ನಮ್ಮವರನ್ನು ಮರಳುಗಾಡಿಗೆ ಅಟ್ಟಿದ್ದು ದೊಡ್ಡ ಅನ್ಯಾಯ. ಆದರೆ ಮೌಲಾಸಾಬರು ಅಲ್ಲಿಂದ ಅನ್ಯಾಯದ ಕಥೆಗಳಿಗಿಂತ ಹೆಚ್ಚಾಗಿ ಮೋಜಿನ ಕಥೆಗಳನ್ನು ತಂದರು. ಈಜಿಪ್ಟಿಗೆ ಅವರು 'ಮಿಸರ' ಎನ್ನುತ್ತಿದ್ದರು. ಪ್ರತಿ ಮಾತನ್ನೂ "ಮಿಸರದಾಗ ಇದ್ದಾಗ" ಎಂದೇ ಆರಂಭಿಸುತ್ತಿದ್ದುದರಿಂದ ವಿಜಾಪುರದ ಜನ ಅವರನ್ನು ಮಿಸರ ಮೌಲಾಸಾಬ ಎಂದು ಕರೆದರು.

ನಾನು ಆಗ ಧಾರವಾಡದ ಓದು ಮುಗಿಸಿ ವಿಜಾಪುರದ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಪ್ರತಿ ರವಿವಾರ ಸಂಜೆ ಅಥಣಿ ರಸ್ತೆಯ ಸಂಗಪ್ಪನ ಚಹಾದಂಗಡಿಯಲ್ಲಿ ವರ್ತಮಾನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಸಂತೆ ಮುಗಿಸಿದ ಟಿಕೋಟಾದ ಗಾಡಿಗಳೂ ಬಬಲೇಶ್ವರದ ಗಾಡಿಗಳೂ ಅಲ್ಲಿಯೇ ಕೊರಳು ಬಿಚ್ಚುತ್ತಿದ್ದವು. ಒಳಗೆ ಬೆಂಚುಗಳ ಮೇಲೆ ಟಿಕೋಟಾದ ಶಾಂತಗೌಡರಂಥ ಹೊಲ ಮನೆಯುಳ್ಳವರು. ಹೊರಗಿನ ಕಟ್ಟೆಯ ಮೇಲೆ, ಸಂತೆಗೆ ತೊಗಲು ತಂದ ದುರಗಪ್ಪನವರು. ಅವರ ಚಹಾದ ಬಟ್ಟಲು ಬೇರೆ, ಅದನ್ನು ತೊಳೆದಿಡಬೇಕಾದವರೂ ಅವರೇ. ಇದು ಕಾಯದೆಗೆ ವಿರುದ್ಧವೆಂದು ಸಂಗಪ್ಪನಿಗೆ ಪ್ರತಿ ರವಿವಾರ ಹೇಳುತ್ತಿದ್ದೆ. "ಕಾಯದೆ ಚಹಾ ಕುಡಿಯಾಕ ಬರೂದಿಲ್ರಿ ಮಾಸ್ತರ್ರ, ಗೌಡ್ರು ಬರತಾರ" ಎಂದು ಅವನು ಪ್ರತಿ ರವಿವಾರ ಹೇಳುತ್ತಿದ್ದ. ಊರು ದುರಗಪ್ಪನವರನ್ನು 'ದುರಗ್ಯಾ' ಎನ್ನುತ್ತದೆ. ಈ ಬರಹದಲ್ಲಿ ನಾನು ಹಾಗೆ ಅನ್ನುವುದಿಲ್ಲ.

ಯುದ್ಧ ಮುಗಿದ ಮೂರನೆಯ ವರ್ಷದ ಒಂದು ಸಂಜೆ, ಪತ್ರಿಕೆಯ ಮೂಲೆಯಲ್ಲಿದ್ದ ಸಣ್ಣ ಸುದ್ದಿಯೊಂದನ್ನು ಓದಿದೆ. ನ್ಯೂಜಿಲೆಂಡಿನ ರಗ್ಬಿ ತಂಡ ಮುಂದಿನ ವರ್ಷ ದಕ್ಷಿಣ ಆಫ್ರಿಕಾಕ್ಕೆ ಪ್ರವಾಸ ಹೋಗಲಿದೆ ಎಂದಷ್ಟೇ ಇತ್ತು.

"ಅದ್ಯಾವ ಆಟರೀ?" ಎಂದ ಸಂಗಪ್ಪ. "ಹೆಸರ ಕೇಳಿದ್ರ ರೊಟ್ಟಿ ಬಡದಂಗ ಆಕ್ಕೈತಿ."

ಮೌಲಾಸಾಬರು ಬಟ್ಟಲು ಕೆಳಗಿಟ್ಟು ಎದ್ದು ನಿಂತರು. "ಬಾಯಿ ಮುಚ್ಚಲೇ ಸಂಗ್ಯಾ. ಈ ಆಟ ನೋಡಿದ ಕಣ್ಣು ಈ ಜಿಲ್ಲಾದಾಗ ಎರಡ ಅದಾವ. ಎರಡೂ ನನ್ನೂವ."

ಆಮೇಲೆ ಪತ್ರಿಕೆ ನನ್ನ ತೊಡೆಯ ಮೇಲೆಯೇ ಉಳಿಯಿತು. ಮರಳುಗಾಡಿನಲ್ಲಿ ಯುದ್ಧಕ್ಕೆ ಬಿಡುವು ಸಿಕ್ಕಾಗಲೆಲ್ಲ ಬಿಳಿಯ ಸಿಪಾಯಿಗಳು ಆಡುತ್ತಿದ್ದ ಆಟವನ್ನು ಅವರು ವಿವರಿಸಿದರು.

"ಚೆಂಡು ದುಂಡಗ ಇರೂದಿಲ್ಲ, ಉದ್ದ ಕುಂಬಳಕಾಯಿ ಇದ್ದಂಗ. ಅದನ್ನ ಕೂಸಿನಂಗ ಅವಚಿಕೊಂಡು ಓಡಬೇಕು. ಎದರಿನವರು ಟೊಂಕಕ್ಕ ಬಿದ್ದು ಕೆಡವತಾರ. ಕಡೀ ಗೆರಿ ದಾಟಿ ಚೆಂಡನ್ನ ನೆಲಕ್ಕ ಒತ್ತಿದ್ರ ಮೂರ ಅಂಕ. ಕೈಯಾಗಿನ ಚೆಂಡು ಜೋಡಿದಾರಗ ಕೊಡಬೇಕಂದ್ರ ಹಿಂದಕ್ಕ ಒಗೀಬೇಕು. ಮುಂದಕ್ಕ ಒಗದ್ರ ತಪ್ಪು."

"ಹಿಂದಕ್ಕ ಒಗದು ಮುಂದಕ್ಕ ಹೋಗೂದು ಹೆಂಗ್ರಿ?" ಎಂದರು ಶಾಂತಗೌಡರು.

"ನಿಮ್ಮೂರ ಪಂಚಾಯತಿ ಹೆಂಗ ನಡದೈತ್ರಿ ಗೌಡ್ರ? ಹಂಗ."

ಗೌಡರೂ ನಕ್ಕರು. ಮೌಲಾಸಾಬರಿಗೆ ಆ ಒಂದು ಪರವಾನಗಿ ಇತ್ತು. ಅವರ ವಲ್ಲಿಯಿಲ್ಲದೆ ಗೌಡರ ಎತ್ತುಗಳಿಗೆ ಒಳ್ಳೆಯ ಬೆಲೆ ಬರುತ್ತಿರಲಿಲ್ಲ.

"ಎಂಟ ಮಂದಿ ಈ ಕಡೆ, ಎಂಟ ಮಂದಿ ಆ ಕಡೆ, ಹೆಗಲಿಗಿ ಹೆಗಲ ಕೊಟ್ಟು, ತಲಿಗಿ ತಲಿ ಹಚ್ಚಿ ನೂಕತಾರ" ಎಂದು ಅವರು ಮುಂದುವರಿಸಿದರು. "ಕರಿಕಿ ಕೀಳಾಕ ದೊಡ್ಡ ನೇಗಿಲಕ್ಕ ಎಂಟೆತ್ತು ಹೂಡತೀವಲ್ಲ, ಹಂಗ ತಿಳೀರಿ. ಆಫ್ರಿಕಾದವರು ಕೃಷ್ಣಾತೀರದ ಎತ್ತು. ಮೈ ದೊಡ್ಡದು, ಗೋಣು ದಪ್ಪ. ಎರಿ ಹೊಲದಾಗ ಕಾಲ ಊರಿದ್ರ ಅಲ್ಲಾನ ಬಂದು ಕೀಳಬೇಕು. ಮ್ಯಾಲ ತಮ್ಮ ನೆಲದಾಗ ಆಡಾಕತ್ತಾರ. ತನ್ನ ಮೇವಿನ ಗ್ವಾದಲಿ ಮುಂದ ಬಡಕಲೆತ್ತೂ ಕೋಡ ತಿರಿವತೈತಿ. ನ್ಯೂಜಿಲೆಂಡದವರು ಖಿಲಾರಿ. ಮೈ ಸಣ್ಣದು, ಕಣ್ಣಾಗ ಬೆಂಕಿ. ಬಿಟ್ರ ಬಿಜ್ಜರಗಿ ದಾಟಿ ಹೋಗತಾವು. ಅವರೊಳಗ ಮಾವೊರಿ ಅಂತ ಒಂದ ಮಂದಿ ಅದಾರ, ಆ ನಾಡಿನ ಮೂಲದವರು. ಬಿಳೇರಲ್ಲ. ನಮ್ಮ ದುರಗ್ಯಾನ ಹಂಗ ತಾಮ್ರದ ಮೈ. ಆಟಕ್ಕ ಮೊದಲ ಏನ ಮಾಡತಿದ್ರು ಗೊತ್ತೇನು?"

ಹೀಗೆ ಹೇಳಿ ಅವರು ಅಂಗಡಿಯ ನಟ್ಟನಡುವೆ ಕಾಲಗಲಿಸಿ ನಿಂತು, ಪೈಲವಾನರಂತೆ ತೊಡೆ ತಟ್ಟಿ, ಕಣ್ಣು ಅರಳಿಸಿ, ನಾಲಗೆಯನ್ನು ಗಲ್ಲದವರೆಗೆ ಚಾಚಿ ಗರ್ಜಿಸಿದರು. ಬಟ್ಟಲುಗಳು ನಡುಗಿದವು. ಹೊರಗೆ ಕಟ್ಟಿದ್ದ ಗೌಡರ ಎತ್ತು ಕಣ್ಣಿ ಕಿತ್ತುಕೊಂಡು ಅಥಣಿಯ ದಿಕ್ಕಿಗೆ ಓಡಿತು. ಅದನ್ನು ಹಿಡಿದು ತಂದವರು ದುರಗಪ್ಪನವರು. ಓಟದಲ್ಲಿ ಅವರನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಎತ್ತನ್ನು ಕಟ್ಟಿ, ಉಸಿರು ತಿದ್ದಿಕೊಂಡು, ಬಾಗಿಲಿನ ಹೊರಗಿನಿಂದಲೇ ಅವರೊಂದು ಪ್ರಶ್ನೆ ಕೇಳಿದರು.

"ಸಾಬ್ರ, ಆ ತಾಮ್ರದ ಮೈಯವರನ್ನೂ ಬಿಳೇರು ಹಿಡದ ಕೆಡವತಾರೇನ್ರಿ?"

"ಕೆಡವೂದೇನಲೇ, ಮ್ಯಾಲ ಬಿದ್ದು ಉಸುಕಿನ್ಯಾಗ ಹೊಳ್ಳ್ಯಾಡತಾರ. ಆಮ್ಯಾಲ ಕೈ ಕೊಟ್ಟು ಎಬ್ಬಸತಾರ."

"ಮುಟ್ಟಿ?"

"ಮುಟ್ಟದ ಹೆಂಗ ಎಬ್ಬಸತಾರೋ ಹುಚ್ಚಪ್ಪಾ!"

ದುರಗಪ್ಪನವರು ಹೋಗಿ ಕಟ್ಟೆಯ ಮೇಲೆ ಕುಳಿತರು. ಆದರೆ ಅಂದಿನಿಂದ ಒಂದು ರವಿವಾರವೂ ತಪ್ಪಿಸಲಿಲ್ಲ.

"ಹಾಂಗಾದ್ರ ಗೆಲ್ಲಾವರು ಯಾರು?" ಎಂದು ಗೌಡರು ಕೇಳಿದಾಗ ಮೌಲಾಸಾಬರು ತಲೆಯಲ್ಲಾಡಿಸಿದರು. "ಅದು ಬಾಯಿಲೆ ಹೇಳೂ ಮಾತಲ್ರಿ. ಕೈ ಕೊಡ್ರಿ." ವಲ್ಲಿ ಬಿಚ್ಚಿಕೊಂಡಿತು. ಒಬ್ಬೊಬ್ಬರಾಗಿ ಎಲ್ಲರೂ ಕೈ ಕೊಟ್ಟರು. ನನಗೆ ಅವರು ಐದು ಬೆರಳನ್ನೂ ಒಮ್ಮೆ ಹಿಡಿದು ಬಿಟ್ಟು, ಮತ್ತೊಮ್ಮೆ ಹಿಡಿದರು. ಹದಿನಾರಾಣೆಯಲ್ಲಿ ಹತ್ತಾಣೆ ನ್ಯೂಜಿಲೆಂಡಿಗೆ, ಉಳಿದದ್ದು ಆಫ್ರಿಕಾಕ್ಕೆ. ಇದು ತನಗೊಬ್ಬನಿಗೇ ತಿಳಿದ ಗುಟ್ಟೆಂಬ ಗಾಂಭೀರ್ಯದಿಂದ ಪ್ರತಿಯೊಬ್ಬರೂ ಗಾಡಿ ಹೂಡಿ ಹೋದರು. ಮರುದಿನದ ಹೊತ್ತಿಗೆ ಟಿಕೋಟಾದಿಂದ ಬಬಲೇಶ್ವರದವರೆಗೆ ಹತ್ತಾಣೆಯ ಸುದ್ದಿ ತಿಳಿಯದ ಮನೆಯಿರಲಿಲ್ಲ.

ಕೊನೆಗೆ ಮೌಲಾಸಾಬರು ಹೊರಗೆ ಹೋಗಿ ಕಟ್ಟೆಯ ಮೇಲೂ ವಲ್ಲಿ ಹಾಸಿದರು. ದುರಗಪ್ಪನವರು ಮೊದಲು ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ಶಾಂತಗೌಡರು ಆ ಕಡೆ ನೋಡದಿರಲು ಬಹಳ ಶ್ರಮಪಟ್ಟರು. "ಅವರಿಗೇಕೆ ಕೊನೆಗೆ?" ಎಂದು ನಾನು ಆಕ್ಷೇಪಿಸಿದೆ. "ಮಾಸ್ತರ್ರ, ಮೊದಲ ಕೊಟ್ಟಿದ್ರ ಉಳದಾವರು ವಲ್ಲಿ ತೆಳಗ ಕೈ ಹಾಕತಿದ್ದಿಲ್ಲ" ಎಂದರು ಮೌಲಾಸಾಬರು. ಅವರ ಇಂಥ ಜಾಣತನ ನನಗೆಂದೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅನ್ಯಾಯವನ್ನು ದಾಟಿ ಹೋಗುವ ದಾರಿ ಅವರಿಗೆ ತಿಳಿದಿತ್ತು. ಅದನ್ನು ದಾರಿಯಿಂದ ತೆಗೆಯುವ ಯೋಚನೆ ಇರಲಿಲ್ಲ.

ಕೆಲವು ವಾರಗಳ ಮೇಲೆ ಇನ್ನೊಂದು ಸುದ್ದಿ ಬಂತು. ದಕ್ಷಿಣ ಆಫ್ರಿಕಾದ ಬಿಳಿಯರು ಕಂದುಬಣ್ಣದವರೊಡನೆ ಆಡಲು ಒಲ್ಲರು; ಆದ್ದರಿಂದ ನ್ಯೂಜಿಲೆಂಡಿನವರೇ ತಮ್ಮ ಮಾವೊರಿ ಆಟಗಾರರನ್ನು ಬಿಟ್ಟು ಹೋಗಲು ಒಪ್ಪಿದ್ದಾರೆ. ಇಲ್ಲಿ ಎರಡು ತಪ್ಪುಗಳಿವೆ. ಬರಬೇಡಿರೆಂದದ್ದು ಒಂದು. ಆಗಲಿ ಎಂದು ತನ್ನವರನ್ನೇ ಮನೆಯಲ್ಲಿ ಬಿಟ್ಟದ್ದು ಇನ್ನೊಂದು, ಅದು ಮೊದಲನೆಯದಕ್ಕಿಂತ ಹೇಯವಾದದ್ದು. ನಾನಿದನ್ನು ಅಂಗಡಿಯಲ್ಲಿ ಸಾಕಷ್ಟು ವಿಸ್ತಾರವಾಗಿಯೇ ಹೇಳಿದೆ.

ಮೌಲಾಸಾಬರು ನಂಬಲಿಲ್ಲ. ಸುದ್ದಿಯನ್ನು ಮತ್ತೊಮ್ಮೆ ಓದಿಸಿದರು. "ಎತ್ತು ಯಾರದು, ಗಾಡಿ ಯಾರದು? ಎದರಿನವ ಹೇಳ್ಯಾನಂತ ತನ್ನ ಖಿಲಾರಿ ತಾನ ಮನ್ಯಾಗ ಕಟ್ಟಿ ಹೊಂಟಾರ?"

"ಹ್ವಾದ ಊರಿನ ಪದ್ಧತಿ ನಡಸಬೇಕಾಗತೈತಿ ಮೌಲಾಸಾಬ" ಎಂದರು ಶಾಂತಗೌಡರು.

"ಮಿಸರದಾಗ ಜರ್ಮನಿಯವರ ಗುಂಡು ಪದ್ಧತಿ ಕೇಳಿ ಬರತಿದ್ದಿಲ್ರಿ ಗೌಡ್ರ. ಮಾವೊರಿ ಸತ್ರೂ ಒಂದ ಕುಣಿ, ಬಿಳೇರು ಸತ್ರೂ ಒಂದ ಕುಣಿ. ಸಾಯಾಕ ಬೇಕು, ಆಡಾಕ ಬ್ಯಾಡಂತ."

ಅವರು ಮತ್ತೆ ವಲ್ಲಿ ಬಿಚ್ಚಿ ಎಲ್ಲರ ಕೈ ಹಿಡಿದು ತೀರ್ಪನ್ನು ತಿದ್ದಿದರು. ಈ ಸಲ ನಾಲ್ಕೇ ಬೆರಳು.

ಗಾಡಿ ಹೂಡುವ ಹೊತ್ತಿಗೆ ಅಲ್ಲಿ ಇನ್ನೊಂದು ಮಾತು ಹುಟ್ಟಿತು. ಬಬಲೇಶ್ವರದ ಮಲ್ಲಪ್ಪ ಪೈಲವಾನ, ಆನೆಯಂಥ ಆಸಾಮಿ, ತಮ್ಮೂರಿನವರನ್ನು ಆಫ್ರಿಕಾದವರಿಗೆ ಹೋಲಿಸಿಕೊಂಡು ಮೀಸೆ ತಿರುವಿದ. "ಟಿಕೋಟಾದವರು ಖಿಲಾರಿ ಆಗಿದ್ರ ಬರ್ರಿ, ನೂಕಿ ನೋಡೂಣು." ಶಾಂತಗೌಡರು ಸವಾಲು ಹಿಡಿದರು. ಬೇಸಿಗೆಯಲ್ಲಿ ಭೂತನಾಳ ಕೆರೆಯ ನೀರು ಇಳಿದ ಮೇಲೆ ಅದರ ಮೆತ್ತನೆಯ ಬಯಲಿನಲ್ಲಿ ಪಂದ್ಯವೆಂದೂ, ನಡುವೆ ನಿಂತು ಸೀಟಿ ಊದುವವರು ಮೌಲಾಸಾಬರೆಂದೂ ನಿಶ್ಚಯವಾಯಿತು. ನಮ್ಮ ಜಿಲ್ಲೆಯಲ್ಲಿ ರಗ್ಬಿ ಆಡಿದ್ದು ಅದೇ ಮೊದಲು. ನನಗೆ ತಿಳಿದ ಮಟ್ಟಿಗೆ ಅದೇ ಕಡೆಯದು.

ಚೆಂಡನ್ನು ಹೊಲಿದವರು ದುರಗಪ್ಪನವರು. ಬಾವಿಯಿಂದ ನೀರೆತ್ತುವ ತೊಗಲಿನ ಚೀಲಗಳನ್ನು ಹೊಲಿಯುವುದು ಅವರ ಮನೆತನದ ಕೆಲಸ. ಮೊದಲ ಚೆಂಡಿನೊಳಗೆ ಗಾಳಿ ತುಂಬಿದ ಆಡಿನ ಮೂತ್ರಕೋಶವನ್ನಿಟ್ಟಿದ್ದರು. ಮೌಲಾಸಾಬರು ಮಿಸರದ ರೀತಿಯಲ್ಲಿ ಒದೆಯಲು ಹೋದಾಗ ಅದು ಬಂದೂಕಿನಂತೆ ಸಿಡಿದು, ಸಂಗಪ್ಪ ಒಲೆಯ ಹಿಂದೆ ಅವಿತುಕೊಂಡ. ಎರಡನೆಯದರೊಳಗೆ ಅರಳೆ ತುಂಬಿದರು. ಆ ಚೆಂಡು ಗಟ್ಟಿ, ತೂಕದ್ದು, ಎಲ್ಲಿ ಎಸೆದರೆ ಅಲ್ಲಿಯೇ ಬೀಳುವಂಥದ್ದು. ಟಿಕೋಟಾದ ಹುಡುಗರು ಅದನ್ನು ಎದೆಗವಚಿಕೊಂಡು ಓಡಿದರು. ದುರಗಪ್ಪನವರ ಕೈ ಹೊಲಿದದ್ದನ್ನು ಅಪ್ಪಿಕೊಳ್ಳಬಹುದು, ಆ ಕೈಯನ್ನು ಮಾತ್ರ ಮುಟ್ಟಕೂಡದು: ಈ ಧರ್ಮಶಾಸ್ತ್ರ ನನಗೆ ಇಂದಿಗೂ ಅರ್ಥವಾಗಿಲ್ಲ.

ಗೌಡರು ಟಿಕೋಟಾದ ಹದಿನೈದು ಮಂದಿಯ ಹೆಸರು ಕೂಗಿದಾಗ ಸೀಮೆಗೇ ಮೊದಲ ಓಟಗಾರನ ಹೆಸರು ಅದರಲ್ಲಿರಲಿಲ್ಲ. ನಾನೂ ಮೌಲಾಸಾಬರೂ ಗೌಡರ ಮನೆಗೆ ಹೋದೆವು.

"ನಂದೇನ ತಕರಾರಿಲ್ರಿ ಮಾಸ್ತರ್ರ" ಎಂದರು ಗೌಡರು. "ಮುಟ್ಟಿ ಹಿಡಿಯೂ ಆಟ. ಬಬಲೇಶ್ವರದವರು ಒಪ್ಪಬೇಕಲ್ಲ."

ನಾನು ಬಬಲೇಶ್ವರಕ್ಕೆ ಹೋದೆ.

"ನಂದೇನ ತಕರಾರ್ರಿ?" ಎಂದ ಮಲ್ಲಪ್ಪ ಪೈಲವಾನ. "ಮದಲ ಟಿಕೋಟಾದವರ ಒಪ್ಪಲಿ."

ಏಳು ಸಮುದ್ರದಾಚೆ ಎರಡು ದೇಶಗಳು ಆಡುತ್ತಿದ್ದ ಮಾತನ್ನು ನಾನು ಇಲ್ಲಿಯೇ ಎರಡು ಊರುಗಳ ಬಾಯಲ್ಲಿ ಕೇಳಿ ತಿರುಗಿ ಬಂದೆ. ಕಟ್ಟೆಯ ಮೇಲಿದ್ದ ದುರಗಪ್ಪನವರು ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಇರಲಿ ಬಿಡ್ರಿ. ನನಗೇನ ಅಂಕ ಬೇಕಾಗಿಲ್ಲ. ಒಮ್ಮೆ ಎಲ್ಲಾರ ಜೋಡಿ ಮಣ್ಣಾಗ ಬೀಳಬೇಕನಸಿತ್ತು" ಎಂದರು. ಇಷ್ಟು ಸಣ್ಣ ಆಸೆಗೆ ಎರ‍ಡು ಊರುಗಳ ಅಪ್ಪಣೆ ಬೇಕಾಗಿತ್ತು.

ಪಂದ್ಯದ ದಿನ ಮೌಲಾಸಾಬರು ವಲ್ಲಿಯನ್ನು ತಲೆಗೆ ಸುತ್ತಿಕೊಂಡು ಬಂದರು. ಅವರ ಮುಖದಲ್ಲಿ ಸಂತೆಯ ದಿನದ ಹೊಳಪಿತ್ತು. ನನ್ನನ್ನು ಪಕ್ಕಕ್ಕೆ ಕರೆದು ಹೊಟ್ಟೆ ಕುಲುಕಿಸಿ ನಕ್ಕರು.

"ಮಾಸ್ತರ್ರ, ಇವರ ತಕ್ಕಡ್ಯಾಗ ಒಂದ ಕಲ್ಲ ತಪ್ಪೈತಿ. ದುರಗ್ಯಾನ ಕೈಯಾಗ ಒಮ್ಮಿ ಚೆಂಡ ಬಂತಂದ್ರ ಅವನ್ನ ಹಿಡಿಯಾವ ಯಾರು? ಯಾರೂ ಮುಟ್ಟೂದಿಲ್ಲ! ಹಾಡಕೋತ ಹೋಗಿ ಗೆರಿ ದಾಟತಾನ. ಹದಿನಾರಾಣೆ ಟಿಕೋಟಾಕ!"

ಅದು ಚೇಷ್ಟೆ. ಅಸ್ಪೃಶ್ಯತೆಯನ್ನು ಅದರದೇ ಕೋಲಿನಿಂದ ಬಡಿಯುವ ಚೇಷ್ಟೆ. ನನಗೂ ನಗು ಬಂತು.

ಆಟ ಆರಂಭವಾಯಿತು. ನಿಯಮಗಳು ಮೌಲಾಸಾಬರೊಬ್ಬರಿಗೇ ತಿಳಿದಿದ್ದುದರಿಂದ ಅವು ಆಗಾಗ ಬದಲಾಗುತ್ತಿದ್ದವು. ಹದಿನಾರು ಮಂದಿ ತಲೆಗೆ ತಲೆ ಕೊಟ್ಟು ನೂಕಿದಾಗ ಎದ್ದ ಧೂಳಿನಲ್ಲಿ ಚೆಂಡು ಕಳೆದುಹೋಗಿ, ಸ್ವಲ್ಪ ಹೊತ್ತಿನ ಮೇಲೆ ಅದು ಮಲ್ಲಪ್ಪ ಪೈಲವಾನನ ಕೆಳಗೆ ಸಿಕ್ಕಿತು. "ಹಿಂದಕ್ಕ ಒಗೀಲೇ!" ಎಂದು ದಂಡೆಯ ಮೇಲಿನವರು ಕೂಗುತ್ತಿದ್ದರು, ಒಗೆದರೆ "ಯಾಕ ಹಿಂದ ಒಗದ್ಯೋ?" ಎಂದು ಅವರೇ ಬಯ್ಯುತ್ತಿದ್ದರು. ಯಾರಿಗೂ ಅಂಕ ಬರಲಿಲ್ಲ. ಅಷ್ಟರಲ್ಲಿ ಟಿಕೋಟಾದ ಒಬ್ಬನ ಕಾಲು ಉಳುಕಿತು. ಮೌಲಾಸಾಬರು ಸೀಟಿ ಊದಿ, ಬಯಲಿನಂಚಿಗೆ ಒಬ್ಬರೇ ಕುಳಿತಿದ್ದ ದುರಗಪ್ಪನವರಿಗೆ ಕೈ ಬೀಸಿದರು. ಗೌಡರು ಎದ್ದು ನಿಂತು ಏನೋ ಕೂಗಿದರು. ಮತ್ತೊಂದು ಸೀಟಿಯಲ್ಲಿ ಅದು ಕೇಳಿಸಲಿಲ್ಲ.

ಚೆಂಡು ದುರಗಪ್ಪನವರ ಕೈಗೆ ಬಂತು. ಅವರು ಓಡಿದರು. ಬಬಲೇಶ್ವರದವರು ಎರಡೂ ತೋಳು ಚಾಚಿ ಮುನ್ನುಗ್ಗಿದರು. ಮೊಳದ ದೂರದಲ್ಲಿ, ಕಾದ ಹಂಚಿನೆದುರು ನಿಂತಂತೆ, ನಿಂತುಬಿಟ್ಟರು. ಒಬ್ಬ ನಿಂತ, ಇನ್ನೊಬ್ಬ ಪಕ್ಕಕ್ಕೆ ಸರಿದ, ಮೂರನೆಯವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ದಂಡೆ ನಗೆಯಿಂದ ತುಂಬಿತು. ಮೌಲಾಸಾಬರು ಸೀಟಿಯನ್ನು ಕಚ್ಚಿಕೊಂಡೇ ನಗುತ್ತಿದ್ದರು. ದಾರಿ ತೆರೆದೇ ಇತ್ತು.

ಗೆರೆ ಇನ್ನೊಂದು ಮಾರು ಇದ್ದಾಗ ದುರಗಪ್ಪನವರು ನಿಂತರು. ತಿರುಗಿ, ಚೆಂಡನ್ನು ಅವಚಿಕೊಂಡು, ಬಂದವರಿಗೆ ಎದುರಾದರು.

"ಹಿಡೀರಿ" ಎಂದರು.

ಯಾರೂ ಅಲುಗಲಿಲ್ಲ.

"ಯಾರರೆ ಹಿಡೀರಿ. ಆಟ ಐತಿದು."

ಮಲ್ಲಪ್ಪ ಪೈಲವಾನ ಒಂದು ಹೆಜ್ಜೆ ಮುಂದಿಟ್ಟ. ಅವನ ಕೈ ಅರ್ಧದವರೆಗೆ ಬಂದದ್ದನ್ನು ನಾನು ಕಂಡೆ. ದಂಡೆಯ ಮೇಲೆ ಕುಳಿತ ಹಿರಿಯರ ಕಡೆಗೊಮ್ಮೆ ನೋಡಿ ಅವನು ಆ ಕೈಯನ್ನು ಕೆಳಗಿಳಿಸಿದ. ನಗು ನಿಂತುಹೋಗಿತ್ತು. ದುರಗಪ್ಪನವರು ಗೆರೆಯನ್ನು ದಾಟಲಿಲ್ಲ, ಚೆಂಡನ್ನೂ ಬಿಡಲಿಲ್ಲ.

ಆಗ ಮೌಲಾಸಾಬರು ಓಡಿದರು. ಐವತ್ತು ದಾಟಿದ, ಹೊಟ್ಟೆ ಬಂದ ದಲಾಲಿ, ವಲ್ಲಿ ಬಿಚ್ಚಿ ಹಿಂದೆ ಹಾರುತ್ತಿರಲು, ಸೀಟಿ ಉಗುಳಿ, ಬಯಲಿನ ಉದ್ದಕ್ಕೂ ಓಡಿ ಬಂದು ದುರಗಪ್ಪನವರ ಟೊಂಕಕ್ಕೆ ಬಿದ್ದರು. ಇಬ್ಬರೂ ಉರುಳಿದರು. ಚೆಂಡು ಇಬ್ಬರ ಕೆಳಗೆ ಸಿಕ್ಕಿ ಗೆರೆಯಾಚೆಯ ನೆಲಕ್ಕೆ ಒತ್ತಿಕೊಂಡಿತು. ಮೈಯೆಲ್ಲ ಮಣ್ಣಾದ ಮೌಲಾಸಾಬರು ಕುಳಿತಲ್ಲಿಂದಲೇ ಕೈಯೆತ್ತಿ ಕೂಗಿದರು:

"ಈಗ ಆತ ನೋಡ್ರಿ ಆಟ! ಮೂರ ಅಂಕ! ಲೇ ದುರಗ್ಯಾ, ಎಬ್ಬಸೋ ನನ್ನ, ಟೊಂಕ ಹ್ವಾತು!"

ದುರಗಪ್ಪನವರು ಕೈ ಕೊಟ್ಟು ಎಬ್ಬಿಸಿದರು. ಅವರ ಮುಖದ ತುಂಬ ನಗುವಿತ್ತು. ಅಷ್ಟು ದೊಡ್ಡ ನಗುವನ್ನು ಆ ಮುಖದಲ್ಲಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಎರಡೂ ಊರುಗಳ ಹಿರಿಯರು ಅಲ್ಲಿಯೇ ಕೂಡಿ ಪಂದ್ಯವನ್ನು ರದ್ದು ಮಾಡಿದರು. ನಡುವೆ ನಿಂತವನು ಆಟಗಾರನನ್ನು ಹಿಡಿದದ್ದು ನಿಯಮಕ್ಕೆ ವಿರುದ್ಧವಂತೆ. ವಿರುದ್ಧವೇ ಹೌದು. ಆದರೆ ಹಿಡಿಯಬೇಕಾದ ಹದಿನೈದು ಮಂದಿ ಹಿಡಿಯದೆ ನಿಂತದ್ದು ಯಾವ ನಿಯಮಕ್ಕೆ ಸರಿ ಎಂದು ನಾನು ಕೇಳಿದಾಗ ಅವರು ಗಾಡಿ ಹೂಡುವುದರಲ್ಲಿ ತೊಡಗಿದ್ದರು. ಮರುವಾರದಿಂದ ಟಿಕೋಟಾದ ಬಾವಿಗಳ ಕೆಲಸ ಬೇರೆ ಊರಿನವರ ಪಾಲಾಯಿತು. 'ಸೊಕ್ಕು ಬಂದೈತಿ' ಎಂಬ ಒಂದು ಮಾತಿನ ಹೊರತು ದುರಗಪ್ಪನವರಿಗೆ ಯಾರೂ ಕಾರಣ ಹೇಳಲಿಲ್ಲ. ಅವರು ಹೆಂಡತಿ ಮಕ್ಕಳೊಡನೆ ವಿಜಾಪುರಕ್ಕೆ ಬಂದು ಅಥಣಿ ರಸ್ತೆಯ ಬೇವಿನ ಮರದ ಕೆಳಗೆ ಚಪ್ಪಲಿ ಹೊಲಿಯತೊಡಗಿದರು.

ಮೌಲಾಸಾಬರು ಗೌಡರೊಡನೆ ಜಗಳವಾಡಲಿಲ್ಲ. ಜಗಳ ಅವರ ಸ್ವಭಾವವಲ್ಲ. ಮುಂದಿನ ಸಂತೆಯಲ್ಲಿ ಗೌಡರ ಆಳು ಒಂದು ಜೊತೆ ಎತ್ತು ಹೊಡೆದುಕೊಂಡು ಬಂದಾಗ ವಲ್ಲಿಯನ್ನು ಮಡಿಚಿ ಬಗಲಲ್ಲಿಟ್ಟುಕೊಂಡರು. "ನನ್ನ ವಲ್ಲಿ ಆವತ್ತ ಮೈಲಿಗಿ ಆಗೇತ್ಯೋ ಯಪ್ಪಾ. ಗೌಡ್ರಂಥಾವರಿಗಿ ಹೆಂಗ ಹಾಸಲಿ?" ಎಂದರು. ಆ ಎತ್ತುಗಳು ಮಾರಾಟವಾಗದೆ ಮೂರು ಸಂತೆ ತಿರುಗಿದವು.

ಪ್ರವಾಸದ ಸುದ್ದಿಗಳು ಮಳೆಗಾಲದುದ್ದಕ್ಕೂ ಬಂದವು. ನ್ಯೂಜಿಲೆಂಡ್ ತಂಡ ಎರಡು ದೇಶಗಳ ನಡುವಿನ ನಾಲ್ಕೂ ಪಂದ್ಯಗಳನ್ನು ಸೋತಿತು. ಕೊನೆಯ ಸೋಲಿನ ಸುದ್ದಿಯನ್ನು ಹಿಡಿದು ನಾನು ಮೌಲಾಸಾಬರ ಮನೆಗೆ ಹೋದೆ. ಅವರು ಜ್ವರದಿಂದ ಮಲಗಿದ್ದರು, ಮುಖ ಇಳಿದಿತ್ತು.

"ನಾಲ್ಕೂ?" ಎಂದರು.

"ನಾಲ್ಕೂ."

"ನಾ ನಾಲ್ಕಾಣೆ ಕೊಟ್ಟಿದ್ನಿ. ಅದೂ ಹೆಚ್ಚಾತು." ನಗಲು ಹೋಗಿ ಕೆಮ್ಮಿದರು. ಆಮೇಲೆ ಹೇಳಿದರು: "ಅವರದಿರಲಿ ಮಾಸ್ತರ್ರ. ದುರಗ್ಯಾನ ಲೆಕ್ಕ ತಪ್ಪಿದ್ನಲ್ಲ, ಅದು ಕೊರೀತೈತಿ. ಹಲ್ಲು ನೋಡಿದ್ನಿ, ಕಾಲು ನೋಡಿದ್ನಿ, ಓಟ ನೋಡಿದ್ನಿ. ಅವಗ ಏನ ಬೇಕಾಗೇತಿ ಅಂತ ಕೇಳಲಿಲ್ಲ. ಗೆಲ್ಲಸ್ತೀನಿ ಅಂತ ಕುಣದ್ನಿ. ಅವಗ ಬೀಳೂದ ಬೇಕಾಗಿತ್ತು."

ಅದು ನಮ್ಮ ಕಡೆಯ ಭೇಟಿ. ಎರಡು ದಿನಗಳ ಮೇಲೆ ಅವರು ತೀರಿಕೊಂಡರು. ಅವರ ಜನಾಜಾಕ್ಕೆ ಹೆಗಲು ಕೊಡಲು ದನದ ಸಂತೆಯೇ ಬಂದಿತ್ತು. ನಮ್ಮಲ್ಲಿ ಹೆಗಲು ಬದಲಾಗುತ್ತ ಹೋಗುತ್ತದೆ. ಯಾರು ಯಾರ ಪಕ್ಕಕ್ಕೆ ಬಂದರೆಂದು ನೋಡುವ ವ್ಯವಧಾನ ಇರುವುದಿಲ್ಲ. ಒಂದು ತಿರುವಿನಲ್ಲಿ ಮುಂದಿನ ಎರಡು ಹೆಗಲುಗಳು ದುರಗಪ್ಪನವರದೂ ಮಲ್ಲಪ್ಪ ಪೈಲವಾನನದೂ ಆಗಿದ್ದವು. ಇಬ್ಬರ ಭುಜಗಳೂ ತಾಗಿಕೊಂಡೇ ಹೋದವು. ಆಕಾಶ ಬೀಳಲಿಲ್ಲ.

ಈಗ ರವಿವಾರ ಸಂಜೆ ಅಂಗಡಿಯಲ್ಲಿ ನಾನು ಪತ್ರಿಕೆ ಓದಿದರೆ ನಡುವೆ ಬಾಯಿ ಹಾಕುವವರಿಲ್ಲ. ಸುದ್ದಿ ಬೇಗ ಮುಗಿದುಹೋಗುತ್ತದೆ. ಜನ ಬೇಗ ಏಳುತ್ತಾರೆ.

ಟಿಕೋಟಾದ ಶಾಂತಗೌಡರೇ, ಬಬಲೇಶ್ವರದ ಹಿರಿಯರೇ, ಈ ಬರಹ ನಿಮಗಾಗಿ. ದೂರದ ಎರಡು ದೇಶಗಳ ತಪ್ಪನ್ನು ತಿದ್ದುವುದು ನಿಮ್ಮ ಕೈಯಲ್ಲಿಲ್ಲ. ಭೂತನಾಳದ ತಪ್ಪು ನಿಮ್ಮ ಕೈಯಲ್ಲಿದೆ. ದುರಗಪ್ಪನವರ ಬಾವಿಯ ಕೆಲಸವನ್ನು ಈ ಸುಗ್ಗಿಯೊಳಗೆ ಅವರಿಗೆ ತಿರುಗಿ ಕೊಡಿ. ಬರುವ ಬೇಸಿಗೆಯಲ್ಲಿ ಕೆರೆಯ ನೀರು ಇಳಿದೊಡನೆ ಅದೇ ಬಯಲಿನಲ್ಲಿ ಪಂದ್ಯವನ್ನು ಮತ್ತೆ ಆಡಿಸಿ. ಟಿಕೋಟಾದ ಹದಿನೈದು ಹೆಸರುಗಳಲ್ಲಿ ದುರಗಪ್ಪನವರ ಹೆಸರನ್ನು ಮೊದಲು ಕೂಗಿ. ಮತ್ತು ಮಲ್ಲಪ್ಪ ಪೈಲವಾನರೇ, ಚೆಂಡು ಅವರ ಕೈಗೆ ಬಂದಾಗ ದಂಡೆಯ ಕಡೆಗೆ ನೋಡಬೇಡಿ. ಓಡಿ ಹೋಗಿ ಅವರ ಟೊಂಕಕ್ಕೆ ಬಿದ್ದು, ನೆಲಕ್ಕೆ ಕೆಡವಿ.